ಹಮ್ಮಣ್ಣ ನಾಯಕರನ್ನು ಅಗೆದದ್ದು

ತೀರಿಹೋದ ತಂದೆಯ ಹೆಸರು ಊರಲ್ಲಿ ಉಳಿಯಬೇಕು ಎಂದು ಮಗನಿಗೆ ಅನಿಸುವುದು ತಪ್ಪಲ್ಲ. ಶಾಲೆಗೊಂದು ಗೋಡೆ ಗಡಿಯಾರ ಕೊಡಿಸಬಹುದು. ದೇವಸ್ಥಾನಕ್ಕೊಂದು ಗಂಟೆ ಕಟ್ಟಿಸಬಹುದು. ಬಸ್ಸು ನಿಲ್ಲುವಲ್ಲಿ ಒಂದು ಕಲ್ಲುಬೆಂಚು ಹಾಕಿಸಬಹುದು. ಗಡಿಯಾರ ನಿಂತುಹೋದರೆ ಯಾರೂ ತಂದೆಯನ್ನು ಬೈಯುವುದಿಲ್ಲ. ಮಾಸ್ತಿಕೇರಿಯ ರಾಮನಾಥ ನಾಯಕನಿಗೆ ಇವು ಯಾವುವೂ ಸಾಕೆನಿಸಲಿಲ್ಲ. ಅವನು ತಂದೆಯ ಹೆಸರನ್ನು ರಸ್ತೆಗೆ ಇಡಿಸಿದ.

ಅಂಕೋಲೆಯ ಹೆದ್ದಾರಿಯಿಂದ ಒಡೆದು ರೈಲು ನಿಲ್ದಾಣದ ಕಡೆಗೆ ಹೋಗುವ ಒಂದು ಒಳದಾರಿಯ ಎರಡೂ ಬದಿಗೆ ಹಬ್ಬಿಕೊಂಡಿರುವ ಕೇರಿ ಮಾಸ್ತಿಕೇರಿ. ಆ ದಾರಿ ಇರುವ ಜಾಗ ಹಿಂದೆ ರಾಮನಾಥನ ತಂದೆ ಹಮ್ಮಣ್ಣ ನಾಯಕರ ಗದ್ದೆಯಾಗಿತ್ತು. ಊರಿಗೆ ರೈಲು ಬಂದ ಹೊಸದರಲ್ಲಿ ಜನ ಪೆಟ್ಟಿಗೆ, ಕೂಸು, ಮುದುಕರನ್ನೆಲ್ಲ ಹೊತ್ತುಕೊಂಡು ಗದ್ದೆಯ ಅಂಚಿನ ಮೇಲೆ ಜಾರುತ್ತ ಏಳುತ್ತ ಹೋಗುವುದನ್ನು ನೋಡಲಾರದೆ ಅವರು ಗದ್ದೆಯ ನಡುವಿನ ಒಂದು ಪಟ್ಟಿಯನ್ನು ದಾರಿಗೆಂದು ಬಿಟ್ಟುಕೊಟ್ಟರು. ಹಮ್ಮಣ್ಣ ನಾಯಕರು ಬಹಳ ಶುಚಿಯ ಮನುಷ್ಯ. ದಿನಕ್ಕೆರಡು ಹೊತ್ತು ಮೀಯುತ್ತಿದ್ದರು. ಬಿಳಿ ಪಂಚೆಯ ಅಂಚಿಗೆ ಕೆಸರು ತಾಗಿದರೆ ಬದಲಾಯಿಸುವ ತನಕ ಊಟಕ್ಕೆ ಕೂರುತ್ತಿರಲಿಲ್ಲ. ಕೂಲಿಯವರನ್ನೂ ಬಹುವಚನದಲ್ಲೇ ಕರೆಯುತ್ತಿದ್ದರು. ಅಂಥವರ ಹೆಸರನ್ನು ಅವರು ಕೊಟ್ಟ ದಾರಿಗೇ ಇಡಬೇಕು ಎಂದರೆ ಬೇಡ ಎನ್ನುವವರು ಯಾರು?

ರಾಮನಾಥ ಸೊಸೈಟಿಯ ಗೊಬ್ಬರದ ಗೋದಾಮಿನಲ್ಲಿ ಗುಮಾಸ್ತ. ಒಳ್ಳೆಯವನು. ಒಂದೇ ತೊಂದರೆ ಎಂದರೆ, ಅವನು ಹೇಳಬೇಕಾದ್ದನ್ನು ಹೇಳಿ ಮುಗಿಸುವಷ್ಟರಲ್ಲಿ ಎದುರಿಗಿದ್ದವರು ತಮಗೆ ಬೇಕಾದ್ದನ್ನು ಕೇಳಿಸಿಕೊಂಡು ಹೊರಟುಹೋಗಿರುತ್ತಿದ್ದರು. ರಸ್ತೆಯ ವಿಷಯದಲ್ಲಿ ಮಾತ್ರ ಅವನು ಬಾಯಿ ತೆರೆಯುವ ಮೊದಲೇ ಕೆಲಸವಾಯಿತು. ವಾರ್ಡಿನ ಮೆಂಬರ್ ಪ್ರದೀಪ, "ರಾಮನಾಥಣ್ಣಾ, ನಿಮ್ಮ ಅಪ್ಪ ನಮಗೂ ಅಪ್ಪನೇ ಅಲ್ದಾ?" ಎಂದ. ನೀಲಿ ಬೋರ್ಡು ಬಂತು. ಅದರ ಮೇಲೆ ಬಿಳಿ ಅಕ್ಷರದಲ್ಲಿ 'ಸಮಾಜಸೇವಕ ಶ್ರೀ ಹಮ್ಮಣ್ಣ ನಾಯಕ ರಸ್ತೆ, ಮಾಸ್ತಿಕೇರಿ' ಎಂದು ಬರೆದಿತ್ತು. ರಾಮನಾಥನ ತಾಯಿ ಕಾಮಕ್ಕ ಅಬ್ಬಲಿಗೆ ಮಾಲೆ ಹಾಕಿ ಕೈಮುಗಿದಳು. ಪ್ರದೀಪ ಭಾಷಣದಲ್ಲಿ, "ಇನ್ನು ಮ್ಯಾಲೆ ಹಮ್ಮಣ್ಣ ನಾಯಕರು ದಿನಾ ಎಲ್ಲರ ಬಾಯಲ್ಲೂ ಇರ್ತಾರೆ" ಎಂದ. ಅವನು ಈವರೆಗೆ ಮಾಡಿದ ಭಾಷಣಗಳಲ್ಲಿ ನಿಜವಾದ ವಾಕ್ಯ ಇದೊಂದೇ.

ಅಬ್ಬಲಿಗೆ ಬಾಡುವ ಮೊದಲೇ ಜೇಸಿಬಿ ಬಂತು.

ಕುಡಿಯುವ ನೀರಿನ ಹೊಸ ಕೊಳವೆಯಂತೆ. ಮಾಸ್ತಿಕೇರಿಗೆ ಸಂತೋಷವೇ ಆಯಿತು. ಜೇಸಿಬಿ ರಸ್ತೆಯನ್ನು ಉದ್ದಕ್ಕೂ ಬಗೆದು, ಕೊಳವೆ ಮಲಗಿಸಿ, ಮಣ್ಣು ಎಳೆದು ಹೋಯಿತು. ಅದರ ಬೆನ್ನಿಗೇ ಬಂದ ಒಳಚರಂಡಿಯವರು ಅದೇ ಮಣ್ಣನ್ನು ತೆಗೆದರು. ಅವರು ತೆಗೆಯುವಾಗ ನೀರಿನ ಕೊಳವೆ ಒಡೆಯಿತು. ಅದನ್ನು ಸರಿಮಾಡಲು ನೀರಿನವರು ಮತ್ತೆ ಬಂದರು. ಇವರಿಬ್ಬರೂ ಹೊಂಡದ ಅಂಚಿನಲ್ಲಿ ನಿಂತು ವಾದ ಮಾಡುತ್ತಿರುವಾಗ ವಿದ್ಯುತ್ ತಂತಿಯನ್ನು ನೆಲದೊಳಗೆ ಹಾಕುವವರು ಬಂದು, ಹೇಗೂ ಅಗೆದಿದೆಯಲ್ಲ ಎಂದು ತಮ್ಮದನ್ನೂ ಸುರುಮಾಡಿದರು. ನಿಲ್ದಾಣದ ಕಡೆಯಿಂದ ಇನ್ನೂ ಯಾರೋ ಬಂದು ಕೆಂಪು ಬಣ್ಣದಲ್ಲಿ ಗುರುತು ಹಾಕಿ ಹೋದರು. ಯಾವ ಇಲಾಖೆಯವರೆಂದು ಯಾರೂ ವಿಚಾರಿಸಲಿಲ್ಲ. ವಿಚಾರಿಸಿದರೆ ಅವರೂ ಅಗೆಯುತ್ತಾರೆ ಎಂದು ಹೆದರಿಕೆ.

ಸುಧಾರಣೆ ಎಂದರೆ ಇಷ್ಟು ಕಷ್ಟ ಇದ್ದದ್ದೇ. ಊರು ಸಹಿಸಿಕೊಳ್ಳುತ್ತಿತ್ತು. ಆದರೆ ರಸ್ತೆಗೆ ಈಗ ಹೆಸರಿತ್ತು. ಹೆಸರಿಲ್ಲದ ರಸ್ತೆಯನ್ನು ಬೈಯುವುದು ಬಹಳ ಕಷ್ಟ, ಎಷ್ಟು ಬೈದರೂ ತೃಪ್ತಿಯಿಲ್ಲ. ಹೆಸರಿಟ್ಟ ಮೇಲೆ ಸುಲಭವಾಯಿತು.

ಮೊದಲು 'ಹಮ್ಮಣ್ಣ ನಾಯಕ ರಸ್ತೆ ಒಡೆದಿದೆ' ಎನ್ನುತ್ತಿದ್ದರು. ಅಷ್ಟುದ್ದ ಯಾರು ಹೇಳುತ್ತಾರೆ? ಮೊದಲು 'ರಸ್ತೆ' ಬಿತ್ತು, ಆಮೇಲೆ 'ನಾಯಕ' ಬಿತ್ತು. ಕೊನೆಗೆ 'ಹಮ್ಮಣ್ಣ' ಒಂದೇ ಉಳಿಯಿತು. ಚಹದಂಗಡಿಯ ಸಂದೇಶ ಬೆಳಿಗ್ಗೆ ಗಿರಾಕಿಗಳಿಗೆ ಊರ ಸುದ್ದಿ ಹೇಳುವಾಗ, "ಹಮ್ಮಣ್ಣ ಇವತ್ತು ಪೂರಾ ಬಂದ್. ಹೊಟ್ಟೆ ಬಗ್ದು ಇಟ್ಟಿದ್ರು. ಹಿಂದಿನ ಬದಿಯಿಂದ ಹೋಗಿ" ಎನ್ನತೊಡಗಿದ. ನಿವೃತ್ತ ಕನ್ನಡ ಮಾಸ್ತರರಾದ ಯಜ್ಞೇಶ್ವರ ಹೆಗಡೆಯವರು ಇದರಲ್ಲಿ ಇನ್ನೊಂದು ಬೆಳವಣಿಗೆಯನ್ನು ಗಮನಿಸಿದರು. ಮೊದಮೊದಲು 'ಹಮ್ಮಣ್ಣ ಹಾಳಾಗಿದೆ' ಎಂದು ನಪುಂಸಕಲಿಂಗದಲ್ಲಿದ್ದದ್ದು, ಮಳೆ ಹಿಡಿದ ಮೇಲೆ 'ಹಾಳಾಗಿದ್ದಾನೆ' ಎಂದು ಪುಲ್ಲಿಂಗಕ್ಕೆ ಬಂತು. ಅದೂ ಏಕವಚನದಲ್ಲಿ.

"ಭಾಷೆ ಜೀವಂತ ಇದೆ ಅನ್ನೋದಕ್ಕೆ ಇದೇ ಸಾಕ್ಷಿ ನೋಡು ರಾಮನಾಥಾ" ಎಂದು ಅವರು ಸಂತೋಷದಿಂದ ಹೇಳಿದರು.

"ನಮ್ಮ ಅಪ್ಪ ಅಲ್ಲವಾ ಮಾಸ್ತರೇ" ಎಂದ ರಾಮನಾಥ.

"ನಿನ್ನಪ್ಪನ ಬಗ್ಗೆ ಯಾರು ಮಾತಾಡಿದರು? ನಾನು ಕ್ರಿಯಾಪದದ ಬಗ್ಗೆ ಹೇಳಿದ್ದು."

ಇಷ್ಟರಲ್ಲಿ ವಿಷಯ ಮನೆಯೊಳಗೆ ಬಂತು. ಬೊಬ್ರುವಾಡದಿಂದ ಮೀನು ತರುವ ಹೊನ್ನಮ್ಮ ಒಂದು ದಿನ ಬುಟ್ಟಿ ಇಳಿಸಿದವಳೇ ಸೊಂಟ ಹಿಡಿದುಕೊಂಡು ಜಗುಲಿಯ ಮೇಲೆ ಕೂತಳು. ಒಳಗೆ ತೆಂಗಿನಕಾಯಿ ತುರಿಯುತ್ತಿದ್ದ ಕಾಮಕ್ಕ, "ಎಂತ ಆಯ್ತೇ?" ಎಂದು ಕೇಳಿದಳು.

"ಎಂತ ಹೇಳೂದು ಕಾಮಕ್ಕಾ. ನಿನ್ನೆ ಸಂಜೆ ಹಮ್ಮಣ್ಣ ನನ್ನ ಕೆಡಗಿಬಿಟ್ಟ. ಸೀರೆ ಎಲ್ಲ ಹಾಳು. ಸೊಂಟ ಏಳೂಕೆ ಕೊಡೂದಿಲ್ಲ."

ತುರಿಯುವ ಸದ್ದು ನಿಂತಿತು. ಕಾಮಕ್ಕ ತುರಿಮಣೆ ಬಿಟ್ಟು ಎದ್ದು ಬಂದಳು. ಗಂಡ ಬದುಕಿದ್ದಾಗ ಹೆಂಗಸರು ಎದುರು ಬಂದರೆ ದಾರಿ ಬಿಟ್ಟು ಗದ್ದೆಗೆ ಇಳಿದು ನಿಲ್ಲುತ್ತಿದ್ದವರು. ಅವಳು ಹೊನ್ನಮ್ಮನಿಗೆ ಏನೇನು ಹೇಳಿದಳು ಎಂಬುದನ್ನು ಇಲ್ಲಿ ಬರೆಯುವಂತಿಲ್ಲ. ಹೊನ್ನಮ್ಮ "ರಸ್ತೆ, ರಸ್ತೆ" ಎಂದು ಕೂಗುತ್ತಲೇ ಬುಟ್ಟಿ ಎತ್ತಿಕೊಂಡು, ಸೊಂಟದ ನೋವು ಮರೆತು ಓಡಿದಳು. ಅಂದಿನಿಂದ ರಾಮನಾಥನ ಮನೆಗೆ ಮೀನು ನಿಂತಿತು. ಅಂಕೋಲೆಯ ಮನೆಯೊಂದಕ್ಕೆ ಇದಕ್ಕಿಂತ ದೊಡ್ಡ ಶಿಕ್ಷೆ ಬೇಡ.

"ನೀವೇ ಇಡಿಸಿದ್ದು, ನೀವೇ ಬಂಗಡೆ ತರೂಕೆ ಪೇಟೆಗೆ ಹೋಗಿ" ಎಂದು ಹೆಂಡತಿ ಹೀರಾ ಚೀಲ ಕೊಟ್ಟಳು. ಪೇಟೆಗೆ ಹೋಗಬೇಕಾದರೆ ಹಮ್ಮಣ್ಣನನ್ನೇ ದಾಟಬೇಕು. ದಾಟುವಾಗ ಸಿಕ್ಕವರೆಲ್ಲ ರಾಮನಾಥನನ್ನೇ ತಡೆದು ನಿಲ್ಲಿಸಿದರು. ರಸ್ತೆಗೆ ಅವನ ತಂದೆಯ ಹೆಸರಿದ್ದ ಮೇಲೆ ರಸ್ತೆ ಅವನದ್ದೇ ಎಂದು ಊರು ತೀರ್ಮಾನಿಸಿಯಾಗಿತ್ತು. ಒಬ್ಬರಿಗೆ ನಲ್ಲಿಯಲ್ಲಿ ಕೆಂಪು ನೀರು. ಇನ್ನೊಬ್ಬರಿಗೆ ಕರೆಂಟಿಲ್ಲ. ಮತ್ತೊಬ್ಬರ ಆಕಳು ಹೊಂಡಕ್ಕೆ ಬಿದ್ದು ಹಾಲು ಕೊಡುವುದನ್ನೇ ಬಿಟ್ಟಿದೆ. "ನಿಮ್ಮ ಅಪ್ಪಂಗೆ ಸ್ವಲ್ಪ ಹೇಳಿ ಮಾರಾಯ್ರೆ" ಎಂದು ಒಬ್ಬ ತಮಾಷೆ ಮಾಡಿದ. ಉಳಿದವರು ತಮಾಷೆ ಮಾಡಲಿಲ್ಲ. ರಾಮನಾಥ ಎಲ್ಲರಿಗೂ "ಹೇಳ್ತೆ, ಹೇಳ್ತೆ" ಎಂದ. ಹಾಗೆ ಹೇಳಿದ್ದೇ ತಪ್ಪಾಯಿತು. ಮರುದಿನದಿಂದ ಜನ ಗೊಬ್ಬರದ ಗೋದಾಮಿಗೇ ಬರತೊಡಗಿದರು.

ಅದೇ ವಾರ ಯಜ್ಞೇಶ್ವರ ಹೆಗಡೆಯವರು ಪತ್ರಿಕೆಯೊಂದರ ಓದುಗರ ಅಂಕಣಕ್ಕೆ ಬರೆದದ್ದು ಅಚ್ಚಾಯಿತು. ಊರಿನ ಹಿತಕ್ಕಾಗಿ ಬರೆದದ್ದೇ. ತಲೆಬರಹ ಮಾತ್ರ ಹೀಗಿತ್ತು: 'ಬಾಯ್ದೆರೆದು ಬಿದ್ದಿರುವ ಹಮ್ಮಣ್ಣ ನಾಯಕರನ್ನು ಮುಚ್ಚುವವರು ಯಾರು?'

ರಾಮನಾಥ ಪತ್ರಿಕೆ ಹಿಡಿದುಕೊಂಡು ಅವರ ಮನೆಗೆ ಓಡಿದ. "ಮಾಸ್ತರೇ, ಹೀಂಗೆ ಬರೀಬಹುದಾ?"

ಹೆಗಡೆಯವರು ಕನ್ನಡಕ ಏರಿಸಿ ತಾವೇ ಬರೆದದ್ದನ್ನು ಇನ್ನೊಮ್ಮೆ ಓದಿದರು. "ವಾಕ್ಯದಲ್ಲಿ ದೋಷ ಎಲ್ಲಿದೆ ತೋರಿಸು. ಕರ್ತೃ, ಕರ್ಮ, ಕ್ರಿಯೆ ಮೂರೂ ಸರಿಯಾಗಿದೆ. ಊರವರೆಲ್ಲ ಅವನು ಇವನು ಅನ್ನುವಾಗ ನಾನೊಬ್ಬನೇ ಬಹುವಚನ ಹಾಕಿದ್ದೇನೆ. ನೀನು ಕೃತಜ್ಞತೆ ಹೇಳಬೇಕು."

ಒಳಗಿನಿಂದ ಅವರ ಹೆಂಡತಿ ಸುಬ್ಬಲಕ್ಷ್ಮಿ, "ಪಾಪ, ಅವನ್ನ ಎಂತಕ್ಕೆ ಕಾಡ್ತ್ರಿ? ಒಂದ್ಲೋಟ ಮಜ್ಜಿಗೆ ಕುಡ್ಕಂಡು ಹೋಗೋ ತಮಾ" ಎಂದರು. ರಾಮನಾಥ ಮಜ್ಜಿಗೆ ಕುಡಿದು, ಕೃತಜ್ಞತೆಯನ್ನೂ ಹೇಳಿ ಬಂದ. ಅವನ ಸ್ವಭಾವವೇ ಹಾಗೆ.

ಇನ್ನು ಎಂಜಿನಿಯರರನ್ನೇ ಕಾಣುವುದೆಂದು ತೀರ್ಮಾನಿಸಿದ. ಕೆಲಸದ ಉಸ್ತುವಾರಿ ಸುಹಾಸ ಎಂಬ ಯುವಕನದು. ಹೊಂಡದ ಪಕ್ಕದಲ್ಲಿ ಕೊಡೆ ಹಿಡಿದು ನಿಂತು ಅವನು ಯಾರೊಂದಿಗೋ ಫೋನಿನಲ್ಲಿ ಮಾತಾಡುತ್ತಿದ್ದ.

"ಹಮ್ಮಣ್ಣಂದು ಇವತ್ತು ಮುಗಿಸಿಬಿಡ್ತೇನೆ ಸರ್. ಇನ್ನೂ ಸ್ವಲ್ಪ ಆಳ ತೆಗೆದು ಮಲಗಿಸಿಬಿಟ್ಟು ಮೇಲೆ ಮಣ್ಣು ಎಳೆದರೆ ಆಯ್ತು. ಹೌದು ಸರ್, ಮನೆಯವರು ಯಾರೂ ತಕರಾರು ಮಾಡಿಲ್ಲ."

ಹಲವು ವಾರಗಳಿಂದ ನಿದ್ದೆ ಸರಿಯಾಗಿಲ್ಲದ ರಾಮನಾಥ ಇದನ್ನು ಕೇಳಿ ಮುಂದೆ ನುಗ್ಗಿದ. "ಸಾರ್, ನಮ್ಮಲ್ಲಿ ಹೂಳೂದಿಲ್ಲ. ನಮ್ಮಲ್ಲಿ ಸುಡೂದು!"

ಸುಹಾಸ ಫೋನು ಇಳಿಸಿ ಅವನನ್ನು ಮೇಲಿಂದ ಕೆಳಗೆ ನೋಡಿದ. "ಯಾರು ನೀವು?"

"ಹಮ್ಮಣ್ಣನ ಮಗ."

"ಕೊಳವೆ ಸುಟ್ಟರೆ ನೀರು ಹೇಗೆ ಬರ್ತದೆ ಮಾರಾಯ್ರೆ?" ಎಂದು ಸುಹಾಸ ಬಹಳ ತಾಳ್ಮೆಯಿಂದ ಕೇಳಿದ. ಅಷ್ಟರಲ್ಲಿ ಸುತ್ತ ಜನ ಸೇರಿದರು. ರಾಮನಾಥ ತಾನು ಕೇಳಲು ಬಂದದ್ದನ್ನು ಮರೆತು ಮನೆಗೆ ಹೋದ. ಅವನು ಕೊಳವೆ ಸುಡಲು ಬಂದಿದ್ದ ಎಂಬ ಸುದ್ದಿ ಅವನಿಗಿಂತ ಮೊದಲೇ ಮನೆ ಮುಟ್ಟಿತ್ತು.

ಇಷ್ಟೇ ಆಗಿದ್ದರೆ ಮಳೆಗಾಲದ ಜೊತೆ ಇದೂ ಕಳೆಯಬಹುದಿತ್ತು. ಆದರೆ ಅದೇ ಹೊತ್ತಿಗೆ ಮಗಳು ವಿಜೇತಾಳಿಗೆ ಒಂದು ಒಳ್ಳೆಯ ಸಂಬಂಧ ಕೂಡಿಬಂತು. ಕಾರವಾರದಲ್ಲಿರುವ ಹೀರಾಳ ತಂಗಿ ರೂಪಾಲಿ ಹುಡುಕಿದ್ದು. ಹುಡುಗ ನಿತೇಶ. ತೋಡೂರಿನವನು, ಅರ್ಗಾದ ನೌಕಾನೆಲೆಯಲ್ಲಿ ಕೆಲಸ. ವಿಜೇತಾ ಕಾರವಾರದಲ್ಲಿ ಚಿಕ್ಕಮ್ಮನ ಮನೆಗೆ ಹೋದಾಗ ಅವನನ್ನು ನೋಡಿದ್ದಳು, ಮಾತಾಡಿದ್ದಳು. ಒಪ್ಪಿದ್ದಳು ಕೂಡ. ಹಾಗೆಂದು ಬಾಯಿಬಿಟ್ಟು ಹೇಳಲಿಲ್ಲ. ಮನೆಯ ಕಿಟಕಿಗಳಿಗೆ ಹೊಸ ಪರದೆ ಹೊಲಿಯಲು ತಾನಾಗಿ ಕೂತಾಗ ಹೀರಾಳಿಗೆ ಗೊತ್ತಾಯಿತು.

ನಿತೇಶನಿಗೆ ತಂದೆಯಿಲ್ಲ. ಸೋದರಮಾವ ನಾಗು ಹೇಳಿದ್ದೇ ಆ ಮನೆಯಲ್ಲಿ ಕಡೆಯ ಮಾತು. ನಾಗುಮಾವನಿಗೆ ಬೇಕಾದದ್ದು ಬಂಗಾರವಲ್ಲ, ಮರ್ಯಾದೆಯ ಮನೆ. ರೂಪಾಲಿ ಅವರಿಗೆ, "ಹುಡುಗಿಯ ಅಜ್ಜ ತೀರಿಕೊಂಡು ಬಹಳ ಕಾಲ ಆಯ್ತು. ಆದ್ರೂ ಅಂಕೋಲೆ ಸ್ಟೇಷನ್ನಿನಲ್ಲಿ ಇಳಿದು ಹಮ್ಮಣ್ಣ ನಾಯಕ ಅಂದ್ರೆ ಸಾಕು, ಅವರ ಗುಣ ಯಾರು ಬೇಕಾದ್ರೂ ಹೇಳ್ತಾರೆ" ಎಂದು ಫೋನಿನಲ್ಲಿ ಹೆಮ್ಮೆಯಿಂದ ತಿಳಿಸಿದಳು.

ನಾಗುಮಾವ, ನಿತೇಶ ಮತ್ತು ನಿತೇಶನ ತಾಯಿ ಕಾರವಾರದಿಂದ ಲೋಕಲ್ ರೈಲಿನಲ್ಲಿ ಬಂದು ಇಳಿದರು. ಸಣ್ಣ ಮಳೆ. ನಿಲ್ದಾಣದ ಹೊರಗೆ ಅಮಿತ ಎಂಬವನ ರಿಕ್ಷಾ ಒಂದೇ ಇತ್ತು. ನಾಗುಮಾವ ರೂಪಾಲಿ ಹೇಳಿದ ಹಾಗೆಯೇ, "ಹಮ್ಮಣ್ಣ ನಾಯಕ" ಎಂದರು.

"ಹಮ್ಮಣ್ಣಾ? ಆಗೂದಿಲ್ಲ" ಎಂದ ಅಮಿತ. "ನಿನ್ನೆಯಿಂದ ತುಂಬ್ಕಂಡ್ ಬಿದ್ದಿದ್ದ."

ನಾಗುಮಾವ ಕೆಮ್ಮಿದರು. "ಯಾರು? ಅವರು ಇಲ್ಲ ಅಂತ ನಮಗೆ ಹೇಳಿದ್ರಲ್ಲ."

"ಇಲ್ಲ ಅಂತ ಹೇಳದೆ ಮತ್ತೆಂತ ಹೇಳ್ತ್ರು? ಇದ್ದ ಅಂದ್ರೆ ಮರ್ಯಾದೆ ಹೋಗ್ತದೆ. ದೊಡ್ಡ ಬಾಯಿ ತೆರ್ಕಂಡು ಬಿದ್ದಿದ್ದ ನೋಡಿ, ಈಗ್ಲೂ. ಮೊನ್ನೆ ಒಬ್ಬ ಮೀನು ಮಾರೂ ಹೆಂಗಸನ್ನ ಕೆಡಗಿದ. ಅದರ ಹಿಂದಿನ ವಾರ ಒಬ್ಬ ಬಾಣಂತೀನ ಎಳ್ಕಂಡ."

ನಿತೇಶನ ತಾಯಿ ಸೆರಗನ್ನು ಹೆಗಲ ಸುತ್ತ ಎಳೆದುಕೊಂಡಳು. "ಪೊಲೀಸರು ಬರ್ಲಿಲ್ವಾ?" ಎಂದು ನಾಗುಮಾವ ಕೇಳಿದರು.

"ಬಂದ್ರು. ಅವರ ಜೀಪೂ ಅವನ ಮುಂದೆ ಸೋತು ಹಿಂದೆ ಹೋಯ್ತು."

"ಅವರಿಗೆ ಮಗ ಒಬ್ಬ ಇದ್ದಾನಲ್ಲ?"

"ಪಾಪದವ. ಸುಡ್ತೆ ಅಂತ ಬಂದಿದ್ದ ಒಂದಿನ. ಎಂಜಿನಿಯರು ಬಿಡ್ಲಿಲ್ಲ."

ಮೂವರೂ ಅಲ್ಲಿಂದಲೇ ಹಿಂದಕ್ಕೆ ಹೋಗುತ್ತಿದ್ದರೇನೋ. ಆದರೆ ವಾಪಸು ರೈಲು ಸಂಜೆಗೆ. ಅಲ್ಲದೆ ನಿತೇಶ ಆಗಲೇ ಚಪ್ಪಲಿ ಕೈಯಲ್ಲಿ ಹಿಡಿದು ಕೆಸರಿಗೆ ಇಳಿದಿದ್ದ. ದಾರಿಯುದ್ದಕ್ಕೂ ನಾಗುಮಾವ ಪ್ರತಿ ಅಂಗಡಿಯ ಜಗುಲಿಯನ್ನೂ ಬಗ್ಗಿ ನೋಡುತ್ತ ಬಂದರು. ಎಲ್ಲಿಯೂ ಯಾರೂ ತುಂಬಿಕೊಂಡು ಬಿದ್ದಿರಲಿಲ್ಲ. ಅದರಿಂದ ಅವರ ಹೆದರಿಕೆ ಹೆಚ್ಚೇ ಆಯಿತು.

ಮನೆಯಲ್ಲಿ ಕಾಲಿಗೆ ನೀರು ಕೊಟ್ಟರು. ಬನ್ಸು, ಚಹ ಬಂತು. ಹೊಸ ಪರದೆಗಳು ಗಾಳಿಗೆ ಹಾರಿ ನಾಗುಮಾವನ ಮುಖಕ್ಕೆ ಬಡಿಯುತ್ತಿದ್ದವು. ಅವರು ಅದನ್ನು ಸರಿಸಿ ಕೆಮ್ಮಿದರು.

"ದಾರಿಯಲ್ಲಿ ಹಮ್ಮಣ್ಣನವರ ಸುದ್ದಿ ಕೇಳಿದೆವು" ಎಂದರು.

ರಾಮನಾಥನ ಮುಖ ಬಾಡಿತು. ಬಂದವರು ಸೊಂಟದ ತನಕ ಕೆಸರಾಗಿರುವುದನ್ನು ನೋಡಿದಾಗಿನಿಂದಲೇ ಅವನಿಗೆ ಈ ಮಾತು ಬರುತ್ತದೆಂದು ಗೊತ್ತಿತ್ತು. ಊರವರ ಬಾಯಿಂದ ಕೇಳಿ ಕೇಳಿ ಅವನ ಕಿವಿಗೂ ಈಗ ಹಮ್ಮಣ್ಣ ಎಂದರೆ ರಸ್ತೆಯೇ ಆಗಿಬಿಟ್ಟಿತ್ತು. "ಎಂತ ಮಾಡೂದು ಹೇಳಿ" ಎಂದ. "ಮೊದಲು ಚೆಂದ ಇತ್ತು. ಆ ಮೆಂಬರ್ ಪ್ರದೀಪನ ಕೈಗೆ ಸಿಕ್ಕಿ ಹಾಳಾಯ್ತು. ಮನೆ ಎದುರೇ ಈ ಅವಸ್ಥೆ. ನಮಗೆ ತಲೆ ಎತ್ತಿ ತಿರುಗೂಕಾಗೂದಿಲ್ಲ."

"ಔಷಧ ಏನಾದ್ರೂ?"

"ಎಂತ ಹಾಕಿದ್ರೂ ಮಳೆಗೆ ನಿಲ್ಲೂದಿಲ್ಲ. ಒಂದು ಸಲ ಜಲ್ಲಿ ಹಾಕಿ ನೋಡಿದ್ರು."

"ಜಲ್ಲಿ ಹಾಕಿದ್ರಾ?"

"ಹೂಂ. ಈಗ ಮಳೆ ನಿಂತ ಕೂಡ್ಲೇ ಪೂರಾ ಮುಚ್ಚಿಬಿಡ್ತಾರಂತೆ. ಮ್ಯಾಲಿಂದ ಕಾಂಕ್ರೀಟು ಹಾಕ್ತಾರೆ. ಆಮೇಲೆ ನೆಮ್ಮದಿ."

ನಾಗುಮಾವ ಚಹದ ಬಸಿಯನ್ನು ಕೆಳಗಿಟ್ಟರು. ಇದೇ ಹೊತ್ತಿಗೆ ಕಾಮಕ್ಕ ಒಳಗಿನಿಂದ ಬಂದು ಬಾಗಿಲಿಗೆ ಒರಗಿ ನಿಂತಳು. ಅವಳು ಕೇಳಿಸಿಕೊಂಡದ್ದು ಗಂಡನ ಹೆಸರನ್ನು ಮಾತ್ರ. "ಅವರ ಸುದ್ದಿ ತೆಗೀಬೇಡಿ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಒಂದು ಹನಿ ಕೆಸರು ತಾಗಿದ್ರೆ ಸಹಿಸ್ತಿರಲಿಲ್ಲ. ಇವತ್ತು ಅವರ ಮ್ಯಾಲೆ ಎಮ್ಮೆ ಹೋಗ್ತದೆ, ಲಾರಿ ಹೋಗ್ತದೆ. ನಾ ನೋಡ್ಕಂಡು ಕೂತಿದ್ದೆ."

ನಾಗುಮಾವ ಎದ್ದು ನಿಂತರು. ನಿತೇಶನ ತಾಯಿ ಅವರಿಗಿಂತ ಮೊದಲೇ ಎದ್ದು ಅಂಗಳದಲ್ಲಿದ್ದಳು.

ಆಗ ಪರದೆಯ ಹಿಂದಿನಿಂದ ವಿಜೇತಾ ನಗುವುದು ಕೇಳಿತು. ಅವಳು ಸರಸರನೆ ಹೊರಗೆ ಬಂದು, "ಅದು ರಸ್ತೆ! ಅಜ್ಜ ಅಲ್ಲ. ಅಜ್ಜನ ಹೆಸರು ಇಟ್ಟ ರಸ್ತೆ" ಎಂದಳು. ನಿತೇಶನೂ ನಕ್ಕುಬಿಟ್ಟ. ಅವನಿಗೆ ಅಷ್ಟು ಹೊತ್ತಿಗೆ ಅರ್ಥವಾಗಿತ್ತಂತೆ. ಮಾವನ ಎದುರು ಮಾತಾಡಲು ಧೈರ್ಯ ಬಂದಿರಲಿಲ್ಲ. ರಾಮನಾಥ ತಲೆ ಚಚ್ಚಿಕೊಂಡ. ಹೀರಾ ನಗಬೇಕೋ ಅಳಬೇಕೋ ತಿಳಿಯದೆ ಬನ್ಸಿನ ತಟ್ಟೆಯನ್ನು ಮತ್ತೆ ಮುಂದೆ ಹಿಡಿದಳು. ನಾಗುಮಾವನ ಮುಖವೂ ಸಡಿಲವಾಯಿತು. ಅವರು ಒಂದು ಬನ್ಸು ತೆಗೆದುಕೊಂಡರು. ಇಲ್ಲಿಗೆ ಈ ಕಥೆ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು.

"ಹೌದಾ? ರಸ್ತೆಗೆ ಹೆಸರಿಟ್ಟಿದ್ದಾರಾ? ಬೋರ್ಡು ನೋಡ್ಲಿಲ್ಲವಲ್ಲ ನಾವು" ಎಂದರು ನಾಗುಮಾವ.

"ಬನ್ನಿ, ತೋರಿಸ್ತೆ" ಎಂದ ರಾಮನಾಥ. ಹಲವು ತಿಂಗಳ ಮೇಲೆ ಮೊದಲ ಬಾರಿ ಅವನು ಉತ್ಸಾಹದಿಂದ ಗೇಟು ದಾಟಿದ. ಎಲ್ಲರೂ ಹಿಂದೆ ಹೊರಟರು. ಕಾಮಕ್ಕನೂ ಬಂದಳು.

ಬೋರ್ಡು ಇರಬೇಕಾದಲ್ಲಿ ಬೋರ್ಡು ಇರಲಿಲ್ಲ. ಎರಡು ಕಬ್ಬಿಣದ ಕಂಬಗಳು ಓರೆಯಾಗಿ ನಿಂತಿದ್ದವು. ರಾಮನಾಥ ಅತ್ತ ಇತ್ತ ನೋಡಿದ. ನಾಗುಮಾವ ಕೆಸರು ತಪ್ಪಿಸಲು ಚರಂಡಿಯ ಮೇಲೆ ಅಡ್ಡ ಹಾಕಿದ್ದ ಒಂದು ತಗಡಿನ ಹಲಗೆಯ ಮೇಲೆ ಕಾಲಿಟ್ಟು ಆಚೆ ಹೋಗುವುದರಲ್ಲಿದ್ದರು. ಬೆಳಿಗ್ಗೆ ಬರುವಾಗ ಮೂವರೂ ಅದರ ಮೇಲೆಯೇ ದಾಟಿದ್ದರು. ಕೇರಿಯವರೆಲ್ಲ ಆ ವಾರವಿಡೀ ಅದರ ಮೇಲೆಯೇ ಓಡಾಡುತ್ತಿದ್ದರು. ಈಗ ನಾಗುಮಾವನ ಭಾರಕ್ಕೆ ಅದು ಒಂದು ಬದಿಗೆ ಮಗುಚಿತು. ಅವರನ್ನು ನಿತೇಶ ಹಿಡಿದುಕೊಂಡ. ತಗಡು ಅಡಿಮೇಲಾಗಿ ಬಿತ್ತು. ಅದು ನೀಲಿ ಬಣ್ಣದ್ದು. ಬಿಳಿ ಅಕ್ಷರಗಳ ಮೇಲೆ ಚರಂಡಿಯ ಕರಿನೀರು ಇಳಿಯುತ್ತಿತ್ತು.

ಕಾಮಕ್ಕ ಕೆಸರಿನಲ್ಲೇ ಕುಕ್ಕರುಗಾಲಿನಲ್ಲಿ ಕೂತು ಸೆರಗಿನಿಂದ ಬೋರ್ಡನ್ನು ಒರೆಸತೊಡಗಿದಳು. ಒರೆಸಿದಷ್ಟೂ ಕಪ್ಪು ಹರಡಿತು.

"ಆಯೀ, ಏಳು" ಎಂದ ರಾಮನಾಥ. ಅವಳು ಏಳಲಿಲ್ಲ.

ನಾಗುಮಾವ ಅವಳ ಪಕ್ಕಕ್ಕೆ ಬಂದು ನಿಂತರು. ಅವರು ಕೆಟ್ಟವರಲ್ಲ. ಆದರೆ ಹಳೆಯ ಕಾಲದವರು. "ನಾವೂ ನೌಕಾನೆಲೆಗೆ ಜಾಗ ಬಿಟ್ಟುಕೊಟ್ಟು ತೋಡೂರಿಗೆ ಬಂದವರೇ. ನಮ್ಮ ಹಿರಿಯರ ಹೆಸರನ್ನ ಎಲ್ಲೂ ಬರೆಸ್ಲಿಲ್ಲ. ಬರೆಸಿದ್ರೆ ಕಾಯೂಕೆ ಬರಬೇಕು ರಾಮನಾಥರೇ" ಎಂದರು. ಕೆಮ್ಮಿ, "ಈ ರಸ್ತೆ ಒಂದು ಮುಗೀಲಿ. ಆಮೇಲೆ ಮಾತಾಡುವ" ಎಂದರು.

ರಸ್ತೆ ಮುಗಿಯಲಿ ಎಂದರೆ ನಮ್ಮ ಕೇರಿಯಲ್ಲಿ ಬೇಡ ಎಂದೇ ಅರ್ಥ. ವಿಜೇತಾ ಆ ಸಂಜೆ ಪರದೆಗಳನ್ನು ಬಿಚ್ಚಿ ಮಡಚಿ ಒಳಗಿಟ್ಟಳು. ಕೆಸರಾಗಿವೆ, ಒಗೆಯಬೇಕು ಎಂದಳು. ಒಗೆಯಲಿಲ್ಲ.

ರಾಮನಾಥ ಮರುದಿನವೇ ಪ್ರದೀಪನ ಮನೆಗೆ ಹೋದ. ಅಪ್ಪನ ಹೆಸರು ತೆಗೆದುಬಿಡಿ ಎಂದ. ಇದಕ್ಕೆ ಎಷ್ಟು ಅಲೆಯಬೇಕಾಗುತ್ತದೋ ಎಂದು ಅವನಿಗೆ ಭಯವಿತ್ತು. ಪ್ರದೀಪ ಚಕಾರ ಎತ್ತಲಿಲ್ಲ. "ನಿಮ್ಮ ಮನಸ್ಸು ನೋಯಿಸೂದಿಲ್ಲ ರಾಮನಾಥಣ್ಣಾ. ನಿಮ್ಮ ಅಪ್ಪ ನಮಗೂ ಅಪ್ಪನೇ ಅಲ್ದಾ?" ಎಂದು ಅಲ್ಲಿಯೇ ಫೋನು ಮಾಡಿ ಮಾತಾಡಿದ. ರಾಮನಾಥನ ಜೀವನದಲ್ಲಿ ಅವನು ಕೇಳಿದ್ದು ಅಷ್ಟು ಬೇಗ ನಡೆದದ್ದು ಇನ್ನೊಂದಿಲ್ಲ. ಮನೆಗೆ ಬರುವಾಗ ಅವನಿಗೆ ಸಂಶಯ ಬರಬೇಕಿತ್ತು. ಬರಲಿಲ್ಲ. ಹಗುರಾಗಿ ಬಂದು ಉಂಡು ಮಲಗಿದ.

ಮಳೆ ನಿಂತಿತು. ಮತ್ತೆ ಯಂತ್ರಗಳು ಬಂದವು. ಈ ಸಲ ಅಗೆಯಲು ಅಲ್ಲ. ಹೊಂಡಗಳನ್ನು ತುಂಬಿ, ಸಮಮಾಡಿ, ಸಲಾಕೆ ಹಾಸಿ, ಕಾಂಕ್ರೀಟು ಸುರಿದರು. ಎರಡೂ ಬದಿಗೆ ಚರಂಡಿ ಮುಚ್ಚಿದರು. ಹೊಸ ದೀಪಗಳು ಬಂದವು. 'ಹಮ್ಮಣ್ಣ' ಇಷ್ಟು ಚೆಂದ ಆಗುತ್ತಾನೆ ಎಂದು ಯಾರೂ ಎಣಿಸಿರಲಿಲ್ಲ ಎಂದು ಸಂದೇಶ ಹೇಳಿದ. ಮರುದಿನ ಅವನು ಹಾಗೆ ಹೇಳುವಂತಿರಲಿಲ್ಲ. ಹೊಸ ಕಂಬದ ಮೇಲೆ ಹೊಸ ಬೋರ್ಡು ಬಂದಿತ್ತು. 'ವಿಠೋಬ ರಸ್ತೆ.' ವಿಠೋಬ ಎಂದರೆ ಪ್ರದೀಪನ ತೀರಿಹೋದ ತಂದೆ. ವಿಠೋಬ ಈ ದಾರಿಯಲ್ಲಿ ನಡೆದದ್ದನ್ನು ನೋಡಿದ ನೆನಪೂ ಯಾರಿಗೂ ಇಲ್ಲ.

ಉದ್ಘಾಟನೆಗೆ ರಾಮನಾಥನನ್ನೂ ಕರೆದರು. ಮುಂದಿನ ಸಾಲಿನಲ್ಲೇ ಕೂರಿಸಿದರು. 'ತಮ್ಮ ತಂದೆಯ ಹೆಸರನ್ನು ಉದಾರವಾಗಿ ಹಿಂದಕ್ಕೆ ಪಡೆದವರು' ಎಂದು ಭಾಷಣದಲ್ಲಿ ಹೊಗಳಿದರು. ಯಜ್ಞೇಶ್ವರ ಹೆಗಡೆಯವರು ಎದ್ದು ನಿಂತು, ಹೆಸರನ್ನು ಹಿಂದಕ್ಕೆ ಪಡೆಯುವುದು ಎಂಬ ಪ್ರಯೋಗ ಸರಿಯಲ್ಲ ಎಂದು ಹೇಳಲು ಹೋದರು. ಅವರ ಕೈಗೆ ಮೈಕು ಸಿಗಲಿಲ್ಲ.

ಕಾಂಕ್ರೀಟು ರಾಮನಾಥನ ಮನೆಯ ಗೇಟು ಇನ್ನು ನಾಲ್ಕು ಹೆಜ್ಜೆ ಇರುವಾಗ ಮುಗಿದುಹೋಯಿತು. ಸಾಮಾನು ಸಾಲಲಿಲ್ಲವಂತೆ. ಅಲ್ಲಿಂದ ಆಚೆಗೆ ಹಳೆಯ ಕೆಸರು, ಹಳೆಯ ಹೊಂಡ. ಜನ ಆ ತುಂಡನ್ನು ಏನೆಂದು ಕರೆಯುತ್ತಾರೆ ಎಂಬುದನ್ನು ಹೇಳಬೇಕಾಗಿಲ್ಲ. ಅಮಿತ ರಿಕ್ಷಾದಲ್ಲಿ ಬಂದವರನ್ನು ಕಾಂಕ್ರೀಟಿನ ಅಂಚಿನಲ್ಲೇ ಇಳಿಸಿ, "ಇಲ್ಲಿಗೆ ವಿಠೋಬ ಮುಗೀತು. ಮುಂದೆ ಹಮ್ಮಣ್ಣ. ನೀವೇ ನೋಡ್ಕಂಡು ಹೋಗಿ" ಎನ್ನುತ್ತಿದ್ದ.

ದೀಪಾವಳಿಗೆ ರೂಪಾಲಿ ಫೋನು ಮಾಡಿದಳು. "ರಸ್ತೆ ಭಾರೀ ಚೆಂದ ಆಯ್ತಂತೆ ಭಾವಾ" ಎಂದಳು. ಆಮೇಲೆ, "ನಿತೇಶಂದೂ ಆಯ್ತು. ಚೆಂಡಿಯಾ ಊರಿನ ಹುಡುಗಿ" ಎಂದಳು. ರಾಮನಾಥ "ಒಳ್ಳೇದಾಯ್ತು" ಎಂದು ಫೋನಿಟ್ಟ. ವಿಜೇತಾ ಪಕ್ಕದಲ್ಲೇ ಕೂತಿದ್ದಳು. ಯಾರದ್ದು ಎಂದು ಕೇಳಲಿಲ್ಲ.

ತಾಯಿಗೆ ಹೆಸರು ಬದಲಾದದ್ದನ್ನು ರಾಮನಾಥ ಹೇಳಿರಲಿಲ್ಲ. ಹೇಳುವ ಬಾಯಿ ಅವನಿಗಿರಲಿಲ್ಲ. ಅವಳು ಅಕ್ಷರ ಕಲಿತವಳಲ್ಲ, ಮನೆ ಬಿಟ್ಟು ಹೋಗುವುದೂ ಕಡಿಮೆ. ಆದರೆ ರಸ್ತೆ ಚೆಂದ ಆಗಿದೆ ಎಂದು ದಿನಾ ಕೇಳಿ ಕೇಳಿ ಅವಳು ಒಂದು ಸಂಜೆ ಒಗೆದ ಸೀರೆ ಉಟ್ಟು, "ನಡಿ, ಅವರ ರಸ್ತೆ ತೋರಿಸು" ಎಂದಳು. ಬೇಡ ಎನ್ನಲು ಅವನಿಗೆ ಕಾರಣ ಹೊಳೆಯಲಿಲ್ಲ. ಗೇಟಿನ ಎದುರಿನ ಹೊಂಡವನ್ನು ಕೈಹಿಡಿದು ದಾಟಿಸಿದ.

ಕಾಂಕ್ರೀಟಿನ ಮೇಲೆ ಕಾಲಿಡುವ ಮೊದಲು ಕಾಮಕ್ಕ ಚಪ್ಪಲಿ ಬಿಟ್ಟಳು. ಬರಿಗಾಲಿನಲ್ಲಿ ನಿಧಾನ ನಡೆದಳು. ಒಂದೆರಡು ಕಡೆ ಬಗ್ಗಿ ಅಂಗೈಯಿಂದ ಸವರಿ ನೋಡಿದಳು. "ಕೆಸರಿಲ್ಲ, ಹೌದಾ? ಅವರಿಗೆ ಹೀಂಗೇ ಬೇಕಿತ್ತು" ಎಂದಳು. ಎದುರು ಬಂದವರಿಗೆಲ್ಲ ಕೈಮುಗಿದಳು. ರಾಮನಾಥ ಅವಳ ಹಿಂದಿನಿಂದ ಎಲ್ಲರಿಗೂ ಬಾಯಿಗೆ ಬೆರಳಿಟ್ಟು ಸನ್ನೆ ಮಾಡುತ್ತ ಬಂದ. ಚಹದಂಗಡಿಯ ಸಂದೇಶ ಏನೋ ಹೇಳಲು ಬಾಯಿ ತೆರೆದವನು ಸೌಟು ಹಿಡಿದು ಒಳಗೆ ಹೋದ.

ಬೋರ್ಡಿನ ಎದುರು ಅವಳು ನಿಂತಳು. ಬಹಳ ಹೊತ್ತು ನೋಡಿದಳು.

"ಮೊದಲಿಂದು ಉದ್ದ ಇತ್ತು" ಎಂದಳು.

"ಹೂಂ ಆಯಿ."

"ಇದು ಗಿಡ್ಡ ಆಯ್ತಲ್ಲೋ."

"ಜಾಗ ಸಾಲ್ಲಿಲ್ಲ, ಆಯಿ" ಎಂದ ರಾಮನಾಥ. ಅವನ ಬಾಯಿಗೆ ಆ ಹೊತ್ತಿಗೆ ಬಂದದ್ದು ಅಷ್ಟೇ.

ಕಾಮಕ್ಕ ತಿರುಗಿ ಮಗನ ಮುಖ ನೋಡಿದಳು. ಮತ್ತೊಮ್ಮೆ ಬೋರ್ಡು ನೋಡಿದಳು. "ಜಾಗ ಸಾಲ್ಲಿಲ್ವಾ? ಅವರಿಗೆ?" ಎಂದಳು. ಅವಳಿಗೆ ಎಷ್ಟು ತಿಳಿಯಿತೋ ರಾಮನಾಥನಿಗೆ ಗೊತ್ತಾಗಲಿಲ್ಲ. ಅವಳು ಕೈಮುಗಿಯಲಿಲ್ಲ.

ಮನೆಯ ಕಡೆಗೆ ತಿರುಗಿದಳು. ಬರುವಾಗ ಅಂಚಿನಲ್ಲಿ ಬಂದವಳು ಹೋಗುವಾಗ ರಸ್ತೆಯ ನಟ್ಟನಡುವೆ ಹೊರಟಳು. ಹಿಂದಿನಿಂದ ಜಲ್ಲಿಯ ಲಾರಿಯೊಂದು ಬಂದು ಹಾರ್ನ್ ಹಾಕಿತು. ಅವಳು ಸರಿಯಲಿಲ್ಲ. ಅದರ ಹಿಂದೆ ಅಮಿತನ ರಿಕ್ಷಾ, ಅದರ ಹಿಂದೆ ಪ್ರದೀಪನ ಕಾರು ನಿಂತವು. ಮೂರೂ ಒಟ್ಟಿಗೆ ಹಾರ್ನ್ ಹಾಕಿದವು. ಕಾಮಕ್ಕ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಗದ್ದೆಗೆ ನೀರು ಬಂತಾ ಎಂದು ನೋಡಿಕೊಂಡು ಹೋಗುವವಳ ಹಾಗೆ ನಿಧಾನವಾಗಿ ನಡೆದಳು. ರಾಮನಾಥ ಒಮ್ಮೆ ತಾಯಿಯ ಕಡೆಗೆ ಓಡುತ್ತ, ಒಮ್ಮೆ ತಿರುಗಿ ವಾಹನಗಳಿಗೆ ಎರಡೂ ಕೈ ಮುಗಿಯುತ್ತ ಹಿಂದೆ ಬಂದ.